ಸಿಟಿ ನಾರ್ಮಲ್, ಆದರೂ ತಲೆ ಸರಿಹೋಗಿಲ್ಲ: ಎಂಆರ್‌ಐ, ಎಸ್‌ಡಬ್ಲ್ಯುಐ, ಡಿಟಿಐ ಎಲ್ಲಿಯವರೆಗೆ ನಂಬಬಹುದು?

ತುಂಗಾತೀರ

ತಾಲ್ಲೂಕು ಆಸ್ಪತ್ರೆಗಳಿಗೆ ಪದೇ ಪದೇ ಬರುವಂಥ ಕೇಸ್. ವಯಸ್ಸು ಮೂವತ್ತೈದರ ಆಸುಪಾಸು, ಬೈಕ್ ಸ್ಕಿಡ್ ಆಗಿ ಬಿದ್ದದ್ದು, ಹೆಲ್ಮೆಟ್ ಇತ್ತು. ಎರಡು ಮೂರು ನಿಮಿಷ ಎಚ್ಚರ ತಪ್ಪಿತ್ತು, ಬಿದ್ದ ಗಳಿಗೆ ನೆನಪಿಲ್ಲ. ಆಸ್ಪತ್ರೆಗೆ ತಲುಪುವಾಗ ಜಿಸಿಎಸ್ (ಎಚ್ಚರದ ಮಟ್ಟದ ಅಂಕ, 15 ಅಂದರೆ ಪೂರ್ಣ) 15, ಸಿಟಿ ನಾರ್ಮಲ್. ಮೂರು ವಾರ ಕಳೆದರೂ ತಲೆನೋವು ಹೋಗಿಲ್ಲ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆಸುತ್ತು, ಲೆಕ್ಕಪತ್ರದ ಮುಂದೆ ಕೂತರೆ ಗಮನ ನಿಲ್ಲುವುದಿಲ್ಲ. ಮನೆಯವರ ಕೈಯಲ್ಲಿ ಒಂದು ಸ್ಕ್ಯಾನ್ ಸೆಂಟರಿನ ಚೀಟಿ ಇದೆ: "ಡಿಟಿಐ ಸಹಿತ ಬ್ರೈನ್ ಇಂಜುರಿ ಪ್ಯಾಕೇಜ್" (ಡಿಟಿಐ ಅಂದರೆ ನರತಂತುಗಳಲ್ಲಿ ನೀರಿನ ಚಲನೆ ಅಳೆಯುವ ಎಂಆರ್‌ಐ). ಮಾಡಿಸಬೇಕೇ? ಮಾಡಿಸುವುದಾದರೆ ಯಾವ ಸೀಕ್ವೆನ್ಸ್ (ಎಂಆರ್‌ಐ ಚಿತ್ರ ತೆಗೆಯುವ ಬಗೆ) ಕೇಳಬೇಕು? ರಿಪೋರ್ಟ್ ಬಂದ ಮೇಲೆ ಯಾವ ಮಾತಿಗೆ ಎಷ್ಟು ತೂಕ ಕೊಡಬೇಕು? ಬಲ್ಲವರು ಬಿಡಿಸಿ ಹೇಳಿ.

ತುರ್ತುವಿಭಾಗ

ಆ ಸಿಟಿ ಯಾಕೆ ಮಾಡಿದ್ದು ಎಂಬುದನ್ನು ಮನೆಯವರಿಗೆ ಮೊದಲು ಹೇಳಿಬಿಡಬೇಕು. ತುರ್ತು ಸಿಟಿ ಹುಡುಕುವುದು ರಕ್ತಸ್ರಾವ, ಬುರುಡೆಯ ಬಿರುಕು, ಊತ. ನ್ಯೂರೋಸರ್ಜನ್ ಕೈಹಾಕಬೇಕಾದ್ದು ಏನಾದರೂ ಇದೆಯೇ ಎಂದು ಕೆಲವೇ ನಿಮಿಷದಲ್ಲಿ ಹೇಳುತ್ತದೆ. ಅದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನರತಂತುಗಳು ಎಳೆದು ಜಗ್ಗಿದ್ದು ಅದರಲ್ಲಿ ಕಾಣುವುದೇ ಇಲ್ಲ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ. ತಲೆ ಗಿರ್ರನೆ ತಿರುಗುವಾಗ ಒಳಗೆ ಆಗುವ ಜಗ್ಗಾಟವನ್ನು ಪೂರ್ತಿ ತಡೆಯುವುದಿಲ್ಲ.

ನೀವು ಹೇಳಿದ ಕೇಸ್ ಎಂಟಿಬಿಐ (ಮಿದುಳಿನ ಸೌಮ್ಯ ಪೆಟ್ಟು) ಲೆಕ್ಕಕ್ಕೆ ಸರಿಯಾಗಿ ಬರುತ್ತದೆ: ಜಿಸಿಎಸ್ 13ರಿಂದ 15, ಎಚ್ಚರ ತಪ್ಪಿದ್ದು 30 ನಿಮಿಷದೊಳಗೆ, ಪೆಟ್ಟಿನ ನಂತರದ ಮರೆವು 24 ಗಂಟೆಯೊಳಗೆ. ಈ ರೋಗನಿರ್ಣಯ ಆಗುವುದು ಘಟನೆಯ ವಿವರ ಮತ್ತು ಲಕ್ಷಣಗಳಿಂದ. ಚಿತ್ರ ನಾರ್ಮಲ್ ಬಂತೆಂದು ಅದು ಬಿದ್ದುಹೋಗುವುದಿಲ್ಲ.

ಯಾರಿಗೆ ಸಿಟಿ ಬೇಕು ಎಂಬುದಕ್ಕೆ 2001ರ ಕೆನಡಿಯನ್ ಸಿಟಿ ಹೆಡ್ ರೂಲ್ ಈಗಲೂ ಗಟ್ಟಿ ಆಧಾರ. ಪೆಟ್ಟಾಗಿ 2 ಗಂಟೆಯಾದರೂ ಜಿಸಿಎಸ್ 15ಕ್ಕೆ ಬಂದಿಲ್ಲ. ಬುರುಡೆ ತೆರೆದ ಅಥವಾ ಒಳಕ್ಕೆ ತಗ್ಗಿದ ಬಿರುಕಿನ ಶಂಕೆ. ಬುರುಡೆಯ ತಳ ಮುರಿದ ಲಕ್ಷಣ (ಎರಡೂ ಕಣ್ಣಿನ ಸುತ್ತ ಕಪ್ಪು, ಕಿವಿಯ ಹಿಂದೆ ಕಪ್ಪು, ಮೂಗು ಅಥವಾ ಕಿವಿಯಿಂದ ತಿಳಿನೀರು). ಎರಡು ಅಥವಾ ಹೆಚ್ಚು ಸಲ ವಾಂತಿ. ವಯಸ್ಸು 65 ಅಥವಾ ಮೇಲೆ. ಈ ಐದರಲ್ಲಿ ಒಂದಿದ್ದರೂ ಸಿಟಿ ಬೇಕು. ಪೆಟ್ಟಿಗೆ ಮುಂಚಿನ 30 ನಿಮಿಷ ಅಥವಾ ಹೆಚ್ಚಿನ ಹೊತ್ತು ನೆನಪಿಲ್ಲದಿದ್ದರೆ, ವಾಹನ ಪಾದಚಾರಿಗೆ ಗುದ್ದಿದ್ದರೆ, ವಾಹನದಿಂದ ಹೊರಕ್ಕೆ ಎಸೆಯಲ್ಪಟ್ಟಿದ್ದರೆ, 3 ಅಡಿಗಿಂತ ಎತ್ತರದಿಂದ ಅಥವಾ 5 ಮೆಟ್ಟಿಲಿನಿಂದ ಬಿದ್ದಿದ್ದರೆ ಮಧ್ಯಮ ಅಪಾಯ. ಗಮನಿಸಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪೆಟ್ಟಿನ ನಂತರ ಫಿಟ್ಸ್ ಬಂದವರು, 16 ವರ್ಷಕ್ಕಿಂತ ಚಿಕ್ಕವರು ಈ ನಿಯಮದ ಹೊರಗೆ. ಆ ಮಾತ್ರೆ ಅಥವಾ ಫಿಟ್ಸ್ ಇದ್ದ ದೊಡ್ಡವರಿಗೆ ಸಿಟಿ ಮಾಡಿಯೇ ಬಿಡಬೇಕು. ಮಕ್ಕಳಿಗೆ ಪೆಕಾರ್ನ್ ನಿಯಮ ಬೇರೆಯೇ ಇದೆ.

ಬೂದುಛಾಯೆ

ಎಂಆರ್‌ಐಗೆ ಬರೆಯುವ ಮುನ್ನ ಹಳೆಯ ಸಿಟಿಯನ್ನು ಇನ್ನೊಂದು ಸಲ ತೆರೆದು ನೋಡಿ. ನಾರ್ಮಲ್ ಎಂದು ಬಂದ ಎಷ್ಟೋ ಸಿಟಿಗಳನ್ನು ಬರೀ ಆಕ್ಸಿಯಲ್ (ಅಡ್ಡ ಕೊಯ್ತದ) 5 ಮಿಲಿಮೀಟರ್ ಸ್ಲೈಸ್‌ನಲ್ಲಿ, ಬ್ರೈನ್ ವಿಂಡೋ ಎಂಬ ಛಾಯೆಯ ವ್ಯಾಪ್ತಿ ಒಂದರಲ್ಲೇ (ಅಗಲ 80, ಮಟ್ಟ 40) ಓದಿರುತ್ತಾರೆ. ಮೂಳೆಗೆ ಅಂಟಿಕೊಂಡ 2-3 ಮಿಲಿಮೀಟರ್ ಸಬ್‌ಡ್ಯೂರಲ್ (ಮಿದುಳಿನ ಹೊದಿಕೆಯ ಕೆಳಗಿನ ರಕ್ತ) ಆ ವಿಂಡೋದಲ್ಲಿ ಮೂಳೆಯ ಬಿಳುಪಿನ ಜೊತೆ ಬೆರೆತುಹೋಗುತ್ತದೆ. ಅಗಲ 200, ಮಟ್ಟ 75ರ ಆಸುಪಾಸಿಗೆ ತಿರುಗಿಸಿದರೆ ಬೇರೆಯಾಗಿ ಕಾಣುತ್ತದೆ. ತೆಳು ಸ್ಲೈಸ್‌ನಿಂದ ಕೊರೋನಲ್ (ಮುಂದಿನಿಂದ ನೋಡಿದಂಥ ಕೊಯ್ತದ) ಚಿತ್ರ ಮಾಡಿಸಿ: ಟೆಂಟೋರಿಯಂ (ಕಿರುಮಿದುಳಿನ ಮೇಲಿನ ಪೊರೆ) ಮೇಲಿನ ತೆಳು ರಕ್ತ, ಟೆಂಪೊರಲ್ ಲೋಬ್‌ನ ತಳ, ನೆತ್ತಿ ಈ ಮೂರನ್ನು ಆಕ್ಸಿಯಲ್‌ನಲ್ಲಿ ತಪ್ಪಿಸಿಕೊಳ್ಳುವುದು ಸುಲಭ. ಹೊಸ ಸ್ಕ್ಯಾನ್ ಬೇಡ, ಹೊಸ ವಿಕಿರಣವೂ ಇಲ್ಲ. ಡೇಟಾ ಇದ್ದರೆ ಸಾಕು.

ಇನ್ನು ಎಂಆರ್‌ಐ. ಸಿಟಿ ನಾರ್ಮಲ್ ಇದ್ದವರಲ್ಲಿ ಎಂಆರ್‌ಐ ಹೊಸದನ್ನು ತೋರಿಸುತ್ತದೆಯೇ? ತೋರಿಸುತ್ತದೆ. ಅಮೆರಿಕದ ಟ್ರ್ಯಾಕ್-ಟಿಬಿಐ ಸಂಶೋಧನಾ ಗುಂಪು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 135 ಎಂಟಿಬಿಐ ರೋಗಿಗಳಿದ್ದರು. ಮೊದಲ ಸಿಟಿ ನಾರ್ಮಲ್ ಇದ್ದ 98 ಜನರಲ್ಲಿ 27 ಜನರ ಎಂಆರ್‌ಐಯಲ್ಲಿ ದೋಷ ಸಿಕ್ಕಿತು. ಎಂಆರ್‌ಐ ಮಾಡಿದ್ದು ಸರಾಸರಿ 12 ದಿನದ ಹೊತ್ತಿಗೆ. ಒಂದು ಕಂಟ್ಯೂಷನ್ (ಮಿದುಳು ಜಜ್ಜಿದ ಗಾಯ) ಇದ್ದರೂ, ಅಥವಾ ರಕ್ತಸ್ರಾವದ ಆಕ್ಸಾನ್ (ನರತಂತು) ಗಾಯದ ಚುಕ್ಕೆಗಳು ನಾಲ್ಕು ಅಥವಾ ಹೆಚ್ಚು ಇದ್ದರೂ, ಮೂರು ತಿಂಗಳ ಚೇತರಿಕೆ ಹಿಂದೆ ಬಿದ್ದಿತ್ತು. ಅಂದರೆ ಚುಕ್ಕೆ ಎಣಿಸುವುದಕ್ಕೆ ಅರ್ಥವಿದೆ. ಆ ಚುಕ್ಕೆ ಎದ್ದು ಕಾಣುವುದು ಎಸ್‌ಡಬ್ಲ್ಯುಐ ಸೀಕ್ವೆನ್ಸ್‌ನಲ್ಲಿ. ರಕ್ತದ ಕಬ್ಬಿಣಾಂಶ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಅಲ್ಲಿ ಸಿಗ್ನಲ್ ಬಿದ್ದು ಕಪ್ಪಾಗುತ್ತದೆ. ಹಳೆಯ ಗ್ರೇಡಿಯೆಂಟ್ ಎಕೋ ಸೀಕ್ವೆನ್ಸ್ ಹಿಡಿಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಚುಕ್ಕೆ ಇದರಲ್ಲಿ ಸಿಗುತ್ತವೆ.

ಹಾಗಾಗಿ ನನ್ನ ಉತ್ತರ: ಈ ರೋಗಿಗೆ ಎಸ್‌ಡಬ್ಲ್ಯುಐ ಇರುವ ಎಂಆರ್‌ಐ ಮಾಡಿಸುವುದಕ್ಕೆ ಕಾರಣವಿದೆ. ಡಿಟಿಐ ಪ್ಯಾಕೇಜಿಗೆ ಹೆಚ್ಚುವರಿ ದುಡ್ಡು ಕಟ್ಟುವುದಕ್ಕೆ ಇಲ್ಲ. ಅದು ಯಾಕೆಂದು ವೋಕ್ಸೆಲ್ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ತುಂಗಾತೀರ

ಧನ್ಯವಾದ ಸರ್. ಜಿಲ್ಲಾ ಕೇಂದ್ರದಲ್ಲಿ ಇರುವುದು 1.5 ಟೆಸ್ಲಾ ಕಾಂತಬಲದ ಎಂಆರ್‌ಐ. 3 ಟೆಸ್ಲಾಗೆ ಬೆಂಗಳೂರಿಗೇ ಕಳಿಸಬೇಕೇ?

ಕಾಯಿಲ್32

ಅದೊಂದೇ ಕಾರಣಕ್ಕೆ ಕಳಿಸಬೇಡಿ. 3 ಟೆಸ್ಲಾದಲ್ಲಿ ಸಣ್ಣ ಚುಕ್ಕೆ ಹೆಚ್ಚು ಕಾಣುವುದು ನಿಜ, ಆದರೆ ಸರಿಯಾಗಿ ಸೆಟ್ ಮಾಡಿದ 1.5 ಟೆಸ್ಲಾ, ಅವಸರದಲ್ಲಿ ಮಾಡಿದ 3 ಟೆಸ್ಲಾಗಿಂತ ವಾಸಿ. ಎಸ್‌ಡಬ್ಲ್ಯುಐಗೆ 3 ಟೆಸ್ಲಾದಲ್ಲಿ ಟಿಆರ್ (ಒಂದು ಸ್ಪಂದನದಿಂದ ಮುಂದಿನದಕ್ಕೆ ಇರುವ ಹೊತ್ತು) 27, ಟಿಇ (ಸಿಗ್ನಲ್ ಹಿಡಿಯುವವರೆಗಿನ ಹೊತ್ತು) 20 ಮಿಲಿಸೆಕೆಂಡ್, ಫ್ಲಿಪ್ ಆಂಗಲ್ 15 ಡಿಗ್ರಿ, ಸ್ಲೈಸ್ 1.5ರಿಂದ 2 ಮಿಲಿಮೀಟರ್. 1.5 ಟೆಸ್ಲಾದಲ್ಲಿ ಕಬ್ಬಿಣದ ಪ್ರಭಾವ ಮೂಡಲು ಹೆಚ್ಚು ಹೊತ್ತು ಬೇಕು: ಟಿಇ 40, ಟಿಆರ್ 49-50. ಯಾರೋ ಸಮಯ ಉಳಿಸಲು ಟಿಇಯನ್ನು 25ಕ್ಕೆ ಇಳಿಸಿಟ್ಟಿದ್ದರೆ ಚಿತ್ರ ಚೆಂದ ಬರುತ್ತದೆ, ಚುಕ್ಕೆ ಮಾತ್ರ ಮಾಯವಾಗಿರುತ್ತದೆ. ಟಿಇ ಹೆಚ್ಚಿದಷ್ಟೂ ಚುಕ್ಕೆ ಇರುವುದಕ್ಕಿಂತ ದೊಡ್ಡದಾಗಿ ಅರಳಿ ಕಾಣುತ್ತದೆ ಎಂಬುದೂ ಗೊತ್ತಿರಲಿ. ಚುಕ್ಕೆಯ ಅಳತೆಯಿಂದ ಗಾಯದ ಅಳತೆ ಹೇಳಲಾಗದು. ಯಂತ್ರಕ್ಕೆ ತಕ್ಕಂತೆ ಹೆಸರು ಬೇರೆ: ಸೀಮೆನ್ಸ್‌ನಲ್ಲಿ ಎಸ್‌ಡಬ್ಲ್ಯುಐ, ಜಿಇಯಲ್ಲಿ ಸ್ವಾನ್, ಫಿಲಿಪ್ಸ್‌ನಲ್ಲಿ ಎಸ್‌ಡಬ್ಲ್ಯುಐಪಿ.

ನಾಲ್ಕೂ ಚಿತ್ರಸರಣಿ ಉಳಿಸಬೇಕು: ಮ್ಯಾಗ್ನಿಟ್ಯೂಡ್ (ಸಿಗ್ನಲ್ ಬಲದ ಚಿತ್ರ), ಫೇಸ್ (ಕಾಂತಕ್ಷೇತ್ರದ ಏರಿಳಿತದ ಚಿತ್ರ), ಸಂಸ್ಕರಿಸಿದ ಎಸ್‌ಡಬ್ಲ್ಯುಐ, ಮಿನಿಮಮ್ ಇಂಟೆನ್ಸಿಟಿ ಪ್ರೊಜೆಕ್ಷನ್. ಕೆಲವು ಯಂತ್ರಗಳಲ್ಲಿ ಫೇಸ್ ಚಿತ್ರವನ್ನು ಉಳಿಸಲು ಬೇರೆಯಾಗಿ ಟಿಕ್ ಮಾಡಬೇಕು. ಟಿಕ್ ಮಾಡದೆ ರೋಗಿಯನ್ನು ಇಳಿಸಿದರೆ ಆಮೇಲೆ ಅದನ್ನು ತರಲಾಗದು.

ಕ್ರಮವೂ ಮುಖ್ಯ. ಈ ರೋಗಿಗಳಿಗೆ ಸದ್ದು, ಬೆಳಕು ಎರಡೂ ಸಹಿಸದು. ಹದಿನೈದು ನಿಮಿಷ ದಾಟಿದ ಮೇಲೆ ಅಲುಗಾಡಲು ಶುರು. ಲೋಕಲೈಸರ್ (ಜಾಗ ಗುರುತಿಸುವ ಚಿತ್ರ) ಆದ ಕೂಡಲೇ ಡಿಫ್ಯೂಷನ್ (ನೀರಿನ ಚಲನೆಯ ಚಿತ್ರ, 1-2 ನಿಮಿಷ), ಆಮೇಲೆ ಎಸ್‌ಡಬ್ಲ್ಯುಐ (4-5), ಆಮೇಲೆ 3ಡಿ ಫ್ಲೇರ್ (ಊತ ತೋರಿಸುವ ಚಿತ್ರ, 5), 3ಡಿ ಟಿ1 (5), ಕೊನೆಗೆ ಆಕ್ಸಿಯಲ್ ಟಿ2. ಎಸ್‌ಡಬ್ಲ್ಯುಐಯನ್ನು ಕೊನೆಗೆ ಇಟ್ಟರೆ ಅಲುಗಾಟದಿಂದ ಕೆಡುವುದು ಅದೇ. ಇಯರ್‌ಪ್ಲಗ್ ಮತ್ತು ಮಫ್ ಎರಡನ್ನೂ ಹಾಕಿ, ಬೋರ್ ಲೈಟ್ ಆರಿಸಿ, ತಲೆಯ ಎರಡೂ ಪಕ್ಕ ಪ್ಯಾಡ್ ಒತ್ತಿ. ಕೊರಳೂ ನೋಯುತ್ತಿರುತ್ತದೆ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟರೆ ಎಷ್ಟೋ ಹಾಯಾಗುತ್ತದೆ. ಹೇರ್‌ಪಿನ್, ಕಿವಿಯೋಲೆ, ತಿರುಪಿನ ಮೂಗುತಿ ತೆಗೆಸಿ. ಹಲ್ಲಿಗೆ ತಂತಿ ಕಟ್ಟಿದ್ದರೆ ಮುಂದಿನ ಭಾಗ ಕೆಡುತ್ತದೆಂದು ಫಾರ್ಮ್ ಮೇಲೆಯೇ ಬರೆದಿಡಿ. ಕಾಂಟ್ರಾಸ್ಟ್ ಸೂಜಿ ಸಾಮಾನ್ಯವಾಗಿ ಬೇಡ.

ಬೂದುಛಾಯೆ

ಕಾಯಿಲ್32 ಅವರ ಮಾತಿಗೆ ಒಂದು ಸೇರಿಸುತ್ತೇನೆ. ಎಸ್‌ಡಬ್ಲ್ಯುಐ ಕುರುಡಾಗುವ ಜಾಗವೊಂದಿದೆ. ಕಣ್ಣುಗುಡ್ಡೆಯ ಮೇಲ್ಭಾಗದ ಫ್ರಾಂಟಲ್ ತಳ, ಟೆಂಪೊರಲ್ ಲೋಬ್‌ನ ತುದಿ: ಇಲ್ಲಿ ಸೈನಸ್ ಗಾಳಿ, ಮೂಳೆ, ಮಿದುಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಚಿತ್ರವೇ ಕಪ್ಪು ಬಡಿಯುತ್ತದೆ. ಮಿದುಳು ಒರಟು ಮೂಳೆಗೆ ಉಜ್ಜಿ ಕಂಟ್ಯೂಷನ್ ಆಗುವುದೂ ಸರಿಯಾಗಿ ಇಲ್ಲೇ. ಆದ್ದರಿಂದ ಈ ಎರಡು ಜಾಗವನ್ನು 3ಡಿ ಫ್ಲೇರ್ ಮತ್ತು ಟಿ1ನ ಕೊರೋನಲ್‌ನಲ್ಲಿ ನೋಡದೆ ನಾರ್ಮಲ್ ಎಂದು ಬರೆಯಬಾರದು.

ಈಗ ಚುಕ್ಕೆ ಸಿಕ್ಕಿತು ಅಂದುಕೊಳ್ಳಿ. ಅದು ಪೆಟ್ಟಿನದೇ?

ಜಾಗ ನೋಡಿ. ಜಗ್ಗಾಟದ ಗಾಯ ಬೀಳುವುದು ಗ್ರೇ (ನರಕೋಶಗಳ) ಮತ್ತು ವೈಟ್ (ನರತಂತುಗಳ) ಮ್ಯಾಟರ್ ಸೇರುವ ಅಂಚಿನಲ್ಲಿ, ಮಿದುಳಿನ ಎರಡು ಪಕ್ಕಗಳನ್ನು ಜೋಡಿಸುವ ಕಾರ್ಪಸ್ ಕಲೋಸಂನಲ್ಲಿ (ಅದರ ಹಿಂಭಾಗದಲ್ಲಿ ಹೆಚ್ಚು), ಮಿದುಳುಕಾಂಡದ ಹಿಂಪಕ್ಕದಲ್ಲಿ. 1989ರ ಆಡಮ್ಸ್ ವರ್ಗೀಕರಣದ ಮೂರು ದರ್ಜೆಗಳು ಇದೇ ಕ್ರಮದವು. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಥಾಲಮಸ್, ಪಾನ್ಸ್ ನಡುಭಾಗದಲ್ಲಿ ಚುಕ್ಕೆ ಗುಂಪಾಗಿದ್ದರೆ ಬಿಪಿ ಇತಿಹಾಸ ಕೇಳಿ. ಅರವತ್ತು ದಾಟಿದವರಲ್ಲಿ ಹೊರಮೈಯಲ್ಲೇ ಹರಡಿದ್ದರೆ ಅಮಿಲಾಯ್ಡ್ ಆಂಜಿಯೋಪತಿ (ರಕ್ತನಾಳದ ಗೋಡೆಯಲ್ಲಿ ಪ್ರೊಟೀನ್ ಕೂರುವ ಕಾಯಿಲೆ) ಯೋಚಿಸಬೇಕು. ತೊಡೆಮೂಳೆ ಮುರಿದವರಲ್ಲಿ ಒಂದೆರಡು ದಿನದ ನಂತರ ಪ್ರಜ್ಞೆ ಮಂಕಾಗಿ, ಎಸ್‌ಡಬ್ಲ್ಯುಐಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಚುಕ್ಕೆ ಕಂಡರೆ ಅದು ಫ್ಯಾಟ್ ಎಂಬಾಲಿಸಂ (ಮೂಳೆಯ ಕೊಬ್ಬು ರಕ್ತದಲ್ಲಿ ಹೋಗಿ ಮಿದುಳಿನ ಸಣ್ಣ ನಾಳ ಮುಚ್ಚುವುದು). ಬೈಕ್ ಅಪಘಾತದಲ್ಲಿ ಆಕ್ಸಾನ್ ಗಾಯ, ಫ್ಯಾಟ್ ಎಂಬಾಲಿಸಂ ಎರಡೂ ಒಟ್ಟಿಗೇ ಬರಬಹುದು, ಡಿಫ್ಯೂಷನ್ ಚಿತ್ರ ಜೊತೆಗಿಟ್ಟು ಓದಬೇಕು.

ನಮ್ಮ ಕಡೆ ಹೆಚ್ಚು ದಾರಿ ತಪ್ಪಿಸುವುದು ನ್ಯೂರೋಸಿಸ್ಟಿಸರ್ಕೋಸಿಸ್ (ಮಿದುಳಿನಲ್ಲಿ ಲಾಡಿಹುಳುವಿನ ಮರಿಯ ಗಂಟು). ಹಳೆಯ ಹುಳುವಿನ ಗಂಟು ಸುಣ್ಣಗಟ್ಟಿ ಗ್ರೇ-ವೈಟ್ ಅಂಚಿನಲ್ಲೇ ಕೂತಿರುತ್ತದೆ, ಎಸ್‌ಡಬ್ಲ್ಯುಐಯಲ್ಲಿ ಕಪ್ಪು ಚುಕ್ಕೆಯೇ. ಪಶ್ಚಿಮ ದೇಶಗಳ ಪಠ್ಯ ಓದಿ ಬಂದವರು ಇದನ್ನು ಆಕ್ಸಾನ್ ಗಾಯ ಎಂದು ಎಣಿಸಿಬಿಡಬಹುದು. ಬಿಡಿಸುವ ದಾರಿ ಎರಡು. ಒಂದು, ಹಳೆಯ ಸಿಟಿಯಲ್ಲಿ ಅದೇ ಜಾಗ ನೋಡಿ. ಸುಣ್ಣವಾದರೆ ಅಲ್ಲಿ ಬಿಳಿ ಚುಕ್ಕೆ ಇರುತ್ತದೆ. ಎರಡು, ಫೇಸ್ ಚಿತ್ರ. ರಕ್ತ ಮತ್ತು ಸುಣ್ಣ ಕಾಂತಕ್ಷೇತ್ರವನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತವೆ, ಹಾಗಾಗಿ ಫೇಸ್‌ನಲ್ಲಿ ಒಂದು ಬಿಳಿ ಇನ್ನೊಂದು ಕಪ್ಪು. ಯಾವುದು ಯಾವುದೆಂಬುದು ಯಂತ್ರದ ಕಂಪನಿಗೆ ತಕ್ಕಂತೆ ಉಲ್ಟಾ ಆಗುತ್ತದೆ, ಆದ್ದರಿಂದ ನೆನಪಿನಿಂದ ಹೇಳಲು ಹೋಗಬೇಡಿ. ಅದೇ ಸ್ಕ್ಯಾನಿನಲ್ಲಿ ಒಳಗಿನ ದೊಡ್ಡ ವೇನ್ (ಅಶುದ್ಧ ರಕ್ತದ ನಾಳ) ಯಾವ ಬಣ್ಣ ಎಂದು ಮೊದಲು ನೋಡಿ. ಚುಕ್ಕೆ ಆ ನಾಳದ ಬಣ್ಣದ್ದಾದರೆ ರಕ್ತ, ಪೀನಿಯಲ್ ಗ್ರಂಥಿಯ ಸುಣ್ಣದ ಬಣ್ಣದ್ದಾದರೆ ಸುಣ್ಣ. ದೊಡ್ಡ ಚುಕ್ಕೆಯಲ್ಲಿ ಫೇಸ್ ಸುತ್ತಿಕೊಂಡು ಎರಡೂ ಬಣ್ಣ ಬೆರೆತರೆ ಸಿಟಿಯೇ ಸಾಕ್ಷಿ.

ಇನ್ನೊಂದು: ಅಡ್ಡ ಕೊಯ್ದ ಸಣ್ಣ ವೇನ್ ಕೂಡ ಚುಕ್ಕೆಯಂತೆ ಕಾಣುತ್ತದೆ. ಮೇಲಿನ ಕೆಳಗಿನ ಸ್ಲೈಸ್‌ಗೆ ಸರಿಸಿದರೆ ಅದು ಗೆರೆಯಾಗಿ ಮುಂದುವರಿಯುತ್ತದೆ, ನಿಜವಾದ ಚುಕ್ಕೆ ಅಲ್ಲೇ ನಿಲ್ಲುತ್ತದೆ.

ಸಮಯದ ವಿಷಯ ಬರೆಯದೆ ಮುಗಿಸಿದರೆ ತಪ್ಪಾದೀತು. ಫ್ಲೇರ್ ಊತ, ಡಿಫ್ಯೂಷನ್ ಬದಲಾವಣೆ ದಿನ-ವಾರಗಳಲ್ಲಿ ಮಾಸುತ್ತವೆ. ಹಿಮೋಸಿಡೆರಿನ್ (ರಕ್ತ ಕರಗಿದ ಮೇಲೆ ಉಳಿಯುವ ಕಬ್ಬಿಣಾಂಶ) ವರ್ಷಗಟ್ಟಲೆ ಉಳಿಯುತ್ತದೆ. ಮೂರು ವಾರಕ್ಕೆ ಮಾಡಿಸಿದರೂ ಎಸ್‌ಡಬ್ಲ್ಯುಐ ಉಪಯೋಗಕ್ಕೆ ಬರುತ್ತದೆ, ಆದರೆ ಚುಕ್ಕೆಗೆ ತಾರೀಕು ಬರೆದಿರುವುದಿಲ್ಲ. ಐದು ವರ್ಷದ ಹಿಂದೆ ಬಿದ್ದಿದ್ದರೆ ಅದೂ ಹೀಗೇ ಕಾಣುತ್ತದೆ. ಹಳೆಯ ಪೆಟ್ಟಿನ ಬಗ್ಗೆ ಕೇಳಿ ಬರೆದುಕೊಳ್ಳಿ.

ವೋಕ್ಸೆಲ್

ಡಿಟಿಐ ಬಗ್ಗೆ. ನರತಂತುಗಳ ಕಟ್ಟಿನಲ್ಲಿ ನೀರಿನ ಕಣಗಳು ತಂತುವಿನ ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ಕಷ್ಟಪಟ್ಟು ಚಲಿಸುತ್ತವೆ, ಕಬ್ಬಿನ ಗದ್ದೆಯ ಸಾಲಿನ ನಡುವೆ ನೀರು ಹರಿದಂತೆ. ಈ ದಿಕ್ಕಿನ ಭೇದವನ್ನು 0ಯಿಂದ 1ರ ನಡುವಿನ ಒಂದು ಸಂಖ್ಯೆಗೆ ಇಳಿಸಿದರೆ ಅದು ಎಫ್‌ಎ. ಡಿಟಿಐಯ ಮೂಲ ಗಣಿತ ಪೀಟರ್ ಬ್ಯಾಸರ್ ಮತ್ತು ಜೊತೆಗಾರರು 1994ರಲ್ಲಿ ಕೊಟ್ಟದ್ದು. ಕಾರ್ಪಸ್ ಕಲೋಸಂನಲ್ಲಿ ಎಫ್‌ಎ ಹೆಚ್ಚು, ಗ್ರೇ ಮ್ಯಾಟರ್‌ನಲ್ಲಿ ಕಡಿಮೆ. ತಂತು ಹಾಳಾದರೆ ಎಫ್‌ಎ ಇಳಿಯುತ್ತದೆ ಎಂಬುದು ನಿರೀಕ್ಷೆ.

ಗುಂಪುಗಳ ನಡುವೆ ಈ ನಿರೀಕ್ಷೆ ಸಾಕಷ್ಟು ಸಲ ನಿಜವಾಗಿದೆ. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಜರ್ಮನಿಯ ಲ್ಯಾಂಡ್‌ಸ್ಟೂಲ್ ಸೇನಾ ಆಸ್ಪತ್ರೆಗೆ ಬಂದ ಅಮೆರಿಕದ ಸೈನಿಕರ ಮೇಲಿನ 2011ರ ಅಧ್ಯಯನ ನೋಡಿ: ಸ್ಫೋಟದಲ್ಲಿ ಮಿದುಳಿಗೆ ಪೆಟ್ಟಾದ 63 ಜನ, ಸ್ಫೋಟಕ್ಕೆ ಸಿಕ್ಕಿ ಬೇರೆ ಗಾಯವಾಗಿಯೂ ಮಿದುಳಿಗೆ ಪೆಟ್ಟಾಗದ 21 ಜನ. ಹೋಲಿಕೆಗೆ ಗಾಯಾಳುಗಳನ್ನೇ ಇಟ್ಟದ್ದು ಆ ಅಧ್ಯಯನದ ದೊಡ್ಡ ಗುಣ. ನೋವು, ಔಷಧಿ, ನಿದ್ದೆಗೇಡು ಎರಡೂ ಕಡೆ ಸಮ. ಒಟ್ಟಾಗಿ ನೋಡಿದಾಗ ವ್ಯತ್ಯಾಸ ಸ್ಪಷ್ಟ. ಒಬ್ಬೊಬ್ಬರನ್ನೇ ತೆಗೆದು ನೋಡಿದಾಗ 63ರಲ್ಲಿ 18 ಜನರಲ್ಲಿ ಮಾತ್ರ ಆಕಸ್ಮಿಕಕ್ಕಿಂತ ಹೆಚ್ಚು ದೋಷಗಳು ಸಿಕ್ಕವು. ಉಳಿದ 45 ಜನರಿಗೂ ಪೆಟ್ಟಾಗಿತ್ತು, ಡಿಟಿಐ ಅದನ್ನು ಹೇಳಲಿಲ್ಲ.

ಎಲ್ಲಿ ಕೆಡುತ್ತದೆ ಎಂದರೆ, ಒಬ್ಬ ರೋಗಿಯ ಎಫ್‌ಎಯನ್ನು ಯಾವುದಕ್ಕೆ ಹೋಲಿಸುತ್ತೀರಿ? ಅದೇ ಯಂತ್ರ, ಅದೇ ಕಾಯಿಲ್, ಅದೇ ಸಾಫ್ಟ್‌ವೇರ್ ಆವೃತ್ತಿ, ಅದೇ ಸೀಕ್ವೆನ್ಸ್‌ನಲ್ಲಿ ತೆಗೆದ ಆರೋಗ್ಯವಂತರ ಡೇಟಾ ಬೇಕು, ವಯಸ್ಸು ಮತ್ತು ಲಿಂಗಕ್ಕೆ ಸರಿಹೊಂದಿಸಬೇಕು. ಎರಡು ಕಂಪನಿಯ ಯಂತ್ರಗಳ ನಡುವೆ ಒಬ್ಬನೇ ಆರೋಗ್ಯವಂತನ ಎಫ್‌ಎ ಬದಲಾಗುವ ಪ್ರಮಾಣ, ಸೌಮ್ಯ ಪೆಟ್ಟಿನಿಂದ ಆಗುವ ಬದಲಾವಣೆಯನ್ನು ಮೀರಿಸಬಹುದು. ಯಂತ್ರಗಳ ನಡುವಿನ ವ್ಯತ್ಯಾಸ ಸರಿದೂಗಿಸುವ ಕಾಂಬ್ಯಾಟ್ ಥರದ ವಿಧಾನಗಳಿವೆ, ಆದರೆ ಅವಕ್ಕೂ ಪ್ರತಿ ಯಂತ್ರದಿಂದ ಸಾಕಷ್ಟು ಜನರ ಡೇಟಾ ಬೇಕು. ಒಂಟಿ ರೋಗಿಗೆ ನಡೆಯುವುದಿಲ್ಲ.

ಇನ್ನೊಂದು ಬಲೆ ಲೆಕ್ಕದ್ದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಿದುಳು ನಕ್ಷೆಯಾದ ಜೆಎಚ್‌ಯು ಅಟ್ಲಾಸ್‌ನಲ್ಲಿ ವೈಟ್ ಮ್ಯಾಟರ್ ಪ್ರದೇಶಗಳು 48. ಸರಾಸರಿಗಿಂತ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗಿದ್ದರೆ ದೋಷ ಎಂದು ಗೆರೆ ಎಳೆದರೆ, ಆರೋಗ್ಯವಂತನಲ್ಲೂ ಪ್ರತಿ ಪ್ರದೇಶಕ್ಕೆ 2.3% ಸಾಧ್ಯತೆ. 48 ಗುಣಿಸು 0.023, ಅಂದರೆ 1.1. ಏನೂ ಆಗದ ಮನುಷ್ಯನ ರಿಪೋರ್ಟ್‌ನಲ್ಲೂ ಸರಾಸರಿ ಒಂದು "ಹಾನಿಗೊಂಡ ಪ್ರದೇಶ" ಬರುತ್ತದೆ! ಪ್ರದೇಶಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ ಮೂವರು ಆರೋಗ್ಯವಂತರಲ್ಲಿ ಇಬ್ಬರಿಗೆ ಕನಿಷ್ಠ ಒಂದಾದರೂ ಬಂದೇ ಬರುತ್ತದೆ. ರಿಪೋರ್ಟ್‌ನಲ್ಲಿ ಎಷ್ಟು ಪ್ರದೇಶ ಪರೀಕ್ಷಿಸಿದರು, ಎಲ್ಲಿ ಗೆರೆ ಎಳೆದರು, ಹಲವು ಹೋಲಿಕೆಗಳಿಗೆ ತಿದ್ದುಪಡಿ ಮಾಡಿದರೇ ಎಂದು ಬರೆದಿಲ್ಲದಿದ್ದರೆ ಆ ರಿಪೋರ್ಟ್ ಪಕ್ಕಕ್ಕಿಡಿ.

ಎಫ್‌ಎ ಇಳಿಸುವುದಕ್ಕೆ ಪೆಟ್ಟೇ ಬೇಕಿಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಮದ್ಯ, ಖಿನ್ನತೆ ಎಲ್ಲವೂ ಅದನ್ನು ಬದಲಿಸಬಲ್ಲವು. ಮೊದಲ ಕೆಲವು ದಿನಗಳಲ್ಲಿ ಆಕ್ಸಾನ್ ಉಬ್ಬಿಕೊಂಡು ಎಫ್‌ಎ ಏರಲೂಬಹುದು, ಆಮೇಲೆ ಇಳಿಯುತ್ತದೆ. ನಡುವೆ ಯಾವುದೋ ಒಂದು ದಿನ ಸ್ಕ್ಯಾನ್ ಮಾಡಿದರೆ ನಾರ್ಮಲ್. ತಂತುಗಳು ಒಂದನ್ನೊಂದು ಹಾಯ್ದುಹೋಗುವ ಕಡೆ ಎಫ್‌ಎ ಹುಟ್ಟಾ ಕಡಿಮೆ, ಮತ್ತು ಅಂಥ ಜಾಗ ವೈಟ್ ಮ್ಯಾಟರ್‌ನಲ್ಲಿ ಬಹಳ. ಅದಕ್ಕೇ ಈಗ ತಂತು ಮತ್ತು ಮುಕ್ತ ನೀರನ್ನು ಬೇರೆ ಬೇರೆಯಾಗಿ ಅಳೆಯುವ ನೊಡ್ಡಿಯಂಥ ಮಾದರಿಗಳತ್ತ ಕೆಲಸ ಸಾಗಿದೆ. ಟ್ರ್ಯಾಕ್-ಟಿಬಿಐಯ 2020ರ ಅಧ್ಯಯನದಲ್ಲಿ ಎರಡು ವಾರಕ್ಕೆ ಮುಕ್ತ ನೀರಿನ ಅಂಶ ಏರಿದ್ದು, ಆರು ತಿಂಗಳ ಹೊತ್ತಿಗೆ ತಂತುಸಾಂದ್ರತೆಯ ಸೂಚ್ಯಂಕ ಇಳಿದದ್ದು ಎಫ್‌ಎಗಿಂತ ಸ್ಪಷ್ಟವಾಗಿ ಸಿಕ್ಕಿತು. ಭರವಸೆಯ ದಾರಿ. ಅದೂ ಗುಂಪಿನ ಮಟ್ಟದ್ದೇ.

ಕ್ಲೇಮ್ಸ್‌ಡೆಸ್ಕ್

ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗಳ ಮುಂದೆ ಈಗ ಬಣ್ಣ ಬಣ್ಣದ ಟ್ರ್ಯಾಕ್ಟೋಗ್ರಫಿ (ಡಿಟಿಐಯಿಂದ ಎಳೆದ ತಂತುಗಳ) ಚಿತ್ರ ಇಡುವ ಆಸೆ ಕಕ್ಷಿದಾರರಿಗೆ ಬರುತ್ತಿದೆ. ಒಂದು ಕಡೆ ತಂತು ಕಡಿಮೆ ಕಾಣುತ್ತದೆ, "ನರ ಕಟ್ಟಾಗಿದೆ ನೋಡಿ" ಎನ್ನುತ್ತಾರೆ. ತಾಂತ್ರಿಕವಾಗಿ ಇದು ನಿಲ್ಲುತ್ತದೆಯೇ?

ವೋಕ್ಸೆಲ್

ನಿಲ್ಲುವುದಿಲ್ಲ ಸರ್. ಆ ಗೆರೆಗಳು ನರವಲ್ಲ, ಸಾಫ್ಟ್‌ವೇರ್ ಎಳೆದ ಅಂದಾಜಿನ ಪಥ. ಎಫ್‌ಎ ಮಿತಿಯನ್ನು 0.20ರಿಂದ 0.25ಕ್ಕೆ ಏರಿಸಿದರೆ, ತಿರುವಿನ ಕೋನದ ಮಿತಿ ಬದಲಿಸಿದರೆ, ಬೀಜಬಿಂದು ಸ್ವಲ್ಪ ಪಕ್ಕಕ್ಕೆ ಇಟ್ಟರೆ ಅದೇ ಮಿದುಳಿನಲ್ಲಿ ಗೆರೆಗಳ ಸಂಖ್ಯೆ ಅರ್ಧಕ್ಕೆ ಇಳಿಯಬಹುದು. ಗೆರೆ ಎಣಿಸಿ ಹಾನಿ ಹೇಳುವುದು ತಪ್ಪು.

ಕಚ್ಚಾ ಡೇಟಾ ಕೇಳಿ, ಹೀಗೆ ಪರೀಕ್ಷೆ ಮಾಡಿಸಿ. ಕನಿಷ್ಠ 30 ದಿಕ್ಕಿನಲ್ಲಿ ಅಳತೆ, ಬಿ ಮೌಲ್ಯ (ಡಿಫ್ಯೂಷನ್ ಅಳತೆಯ ತೀವ್ರತೆ) 1000, ಎಲ್ಲ ಕಡೆ 2ರಿಂದ 2.5 ಮಿಲಿಮೀಟರ್ ಸಮಘನ ವೋಕ್ಸೆಲ್ (ಚಿತ್ರದ ಮೂರು ಆಯಾಮದ ಕಣ) ಇದೆಯೇ? ಫೇಸ್-ಎನ್‌ಕೋಡಿಂಗ್ ದಿಕ್ಕು ಉಲ್ಟಾ ಮಾಡಿದ ಬಿ0 (ಬಿ ಮೌಲ್ಯ ಸೊನ್ನೆಯ) ಚಿತ್ರ ತೆಗೆದಿದ್ದಾರೆಯೇ? ಇಲ್ಲದಿದ್ದರೆ ಫ್ರಾಂಟಲ್ ಮತ್ತು ಟೆಂಪೊರಲ್ ತಳದ ಹಿಗ್ಗು-ಕುಗ್ಗು ತಿದ್ದಲು ಎಫ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನ ಟಾಪ್‌ಅಪ್‌ಗೆ ಆಧಾರವೇ ಇರುವುದಿಲ್ಲ. ಸಂಸ್ಕರಣೆಯ ಕ್ರಮ: ಮೊದಲು ಡಿನಾಯ್ಸ್ (ನಾಯ್ಸ್ ತೆಗೆಯುವುದು), ಆಮೇಲೆ ಗಿಬ್ಸ್ ತಿದ್ದುಪಡಿ (ಅಂಚಿನ ಅಲೆಗೆರೆ ತೆಗೆಯುವುದು), ಆಮೇಲೆ ಟಾಪ್‌ಅಪ್ ಮತ್ತು ಎಡ್ಡಿ (ಹಿಗ್ಗು-ಕುಗ್ಗು, ಅಲುಗಾಟ ತಿದ್ದುವುದು), ಕೊನೆಗೆ ಟೆನ್ಸರ್ (ದಿಕ್ಕಿನ ಲೆಕ್ಕ). ಡಿನಾಯ್ಸ್ ಅನ್ನು ಎಡ್ಡಿಯ ನಂತರ ಹಾಕಿದರೆ ನಾಯ್ಸ್‌ನ ಗುಣವೇ ಬದಲಾಗಿರುತ್ತದೆ, ಫಲಿತಾಂಶ ಕೆಡುತ್ತದೆ. ರೋಗಿ ಅಲುಗಾಡಿದ್ದರೆ ಎಡ್ಡಿಯ ವರದಿಯಲ್ಲಿ ಕಳೆದುಹೋದ ಸ್ಲೈಸ್‌ಗಳ ಲೆಕ್ಕ ಸಿಗುತ್ತದೆ. ನೋವಿರುವವರು ಹೆಚ್ಚು ಅಲುಗಾಡುತ್ತಾರೆ, ಅಲುಗಾಟ ಎಫ್‌ಎಯನ್ನು ಕೆಡಿಸುತ್ತದೆ. ಆಗ ನೀವು ಅಳೆದದ್ದು ಗಾಯವನ್ನಲ್ಲ, ಕೊರಳುನೋವನ್ನು.

ಒಂದು ಸರಳ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಬಣ್ಣದ ಎಫ್‌ಎ ನಕ್ಷೆ ತೆರೆಯಿರಿ. ಕಾರ್ಪಸ್ ಕಲೋಸಂ ಎಡ-ಬಲಕ್ಕೆ ಹೋಗುವುದರಿಂದ ಕೆಂಪು, ಸಿಂಗ್ಯುಲಂ ತಂತುಕಟ್ಟು ಹಿಂದೆ-ಮುಂದಕ್ಕೆ ಹೋಗುವುದರಿಂದ ಹಸಿರು, ಕಾರ್ಟಿಕೋಸ್ಪೈನಲ್ ತಂತುಕಟ್ಟು ಮೇಲೆ-ಕೆಳಗೆ ಹೋಗುವುದರಿಂದ ನೀಲಿ ಇರಬೇಕು. ಬಣ್ಣ ಅದಲುಬದಲಾಗಿದ್ದರೆ ದಿಕ್ಕಿನ ಕೋಷ್ಟಕವೇ ತಪ್ಪು, ಆ ಟ್ರ್ಯಾಕ್ಟೋಗ್ರಫಿಯನ್ನು ನೋಡುವ ಅಗತ್ಯವೇ ಇಲ್ಲ. ಬಣ್ಣ ಸರಿಯಿದ್ದರೂ ಒಂದು ಅಕ್ಷದ ಚಿಹ್ನೆ ಉಲ್ಟಾ ಆಗಿರಬಹುದು. ಅದಕ್ಕೆ ಟೆನ್ಸರ್‌ನ ಗೆರೆಗಳು ಕಲೋಸಂನ ಬಾಗುವಿಕೆಯನ್ನು ಅನುಸರಿಸುತ್ತವೆಯೇ ಎಂದು ನೋಡಬೇಕು.

ಬೂದುಛಾಯೆ

ಕ್ಲೇಮ್ಸ್‌ಡೆಸ್ಕ್ ಅವರೇ, ಕ್ರೀಡಾ ಪೆಟ್ಟಿನ ಬಗೆಗಿನ 2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮತಿಯೂ ಡಿಟಿಐಯಂಥ ತಂತ್ರಗಳನ್ನು ಸಂಶೋಧನೆಗೆ ಬೆಲೆಯುಳ್ಳವು, ದಿನನಿತ್ಯದ ಚಿಕಿತ್ಸೆಗೆ ಇನ್ನೂ ಅಲ್ಲ ಎಂದೇ ಹೇಳಿದೆ. ಎಸ್‌ಡಬ್ಲ್ಯುಐ ಚುಕ್ಕೆ, ಫ್ಲೇರ್ ಕಂಟ್ಯೂಷನ್ ಇದ್ದರೆ ಅವನ್ನು ಮುಂದಿಡಿ. ಇನ್ನೊಬ್ಬ ರೇಡಿಯಾಲಜಿಸ್ಟ್ ನೋಡಿದರೂ ಅದೇ ಚುಕ್ಕೆ ಕಾಣುತ್ತದೆ.

ತುಂಗಾತೀರ

ಸ್ಪೆಕ್ಟ್, ಪೆಟ್, ಎಂಇಜಿ, ರಕ್ತಪರೀಕ್ಷೆ ಇವೆಲ್ಲ ಎಲ್ಲಿ ಬರುತ್ತವೆ?

ತುರ್ತುವಿಭಾಗ

ರಕ್ತಪರೀಕ್ಷೆಯಿಂದ ಶುರು ಮಾಡುತ್ತೇನೆ. ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ, ಮಿದುಳಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಎರಡು ಪ್ರೊಟೀನ್. ಅಮೆರಿಕದ ಎಫ್‌ಡಿಎ 2018ರಲ್ಲಿ ಮೊದಲು ಒಪ್ಪಿದ್ದು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ, ಪೆಟ್ಟಾಗಿ 12 ಗಂಟೆಯೊಳಗೆ ತೆಗೆದ ರಕ್ತ ಸಿಟಿಯಲ್ಲಿ ಗಾಯ ಇರುವವರನ್ನು 97.6% ಹಿಡಿಯಿತು, ನೆಗೆಟಿವ್ ಬಂದರೆ ಸಿಟಿಯಲ್ಲೂ ಏನೂ ಇಲ್ಲ ಎಂಬ ಭರವಸೆ 99.6%. 2024ರಲ್ಲಿ ಹಾಸಿಗೆಯ ಪಕ್ಕದಲ್ಲೇ 15 ನಿಮಿಷಕ್ಕೆ ಉತ್ತರ ಕೊಡುವ ಕಾರ್ಟ್ರಿಡ್ಜ್ ಬಂದಿದೆ, 24 ಗಂಟೆಯವರೆಗೆ ಬಳಸಬಹುದು. ಸಿಟಿ ನಾರ್ಮಲ್ ಇದ್ದೂ ಜಿಎಫ್‌ಎಪಿ ಏರಿದ್ದರೆ ಎಂಆರ್‌ಐಯಲ್ಲಿ ಗಾಯ ಸಿಗುವ ಸಾಧ್ಯತೆ ಹೆಚ್ಚು, ಆದ್ದರಿಂದ ಮುಂದೆ ಎಂಆರ್‌ಐಗೆ ಯಾರನ್ನು ಕಳಿಸಬೇಕೆಂದು ಆಯ್ದುಕೊಳ್ಳಲು ಇದು ಒಳ್ಳೆಯ ಸಾಧನವಾಗಬಹುದು. ಮೂರು ವಾರದ ರೋಗಿಗೆ ಮಾತ್ರ ಇದರಿಂದ ಉಪಯೋಗವಿಲ್ಲ.

2025ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ಹೊಸ ಚೌಕಟ್ಟು ಇದೇ ದಾರಿಯದು. ಜಿಸಿಎಸ್ ಒಂದನ್ನೇ ನೆಚ್ಚದೆ ಲಕ್ಷಣ, ರಕ್ತದ ಸೂಚಕ, ಚಿತ್ರ, ರೋಗಿಯ ಹಿನ್ನೆಲೆ ನಾಲ್ಕನ್ನೂ ಬರೆಯಿರಿ ಎನ್ನುತ್ತದೆ.

ಬೂದುಛಾಯೆ

ಸ್ಪೆಕ್ಟ್ ಮತ್ತು ಪೆಟ್: ರಕ್ತಹರಿವು, ಗ್ಲೂಕೋಸ್ ಬಳಕೆ ಕಡಿಮೆ ಇದ್ದದ್ದು ಕಾಣುತ್ತದೆ, ಆದರೆ ಖಿನ್ನತೆ, ಮೈಗ್ರೇನ್‌ನಲ್ಲೂ ಅದೇ ಥರ. ವಿಕಿರಣ ಬೇರೆ. ಈ ಪ್ರಶ್ನೆಗೆ ಬೇಡ. ಎಂಇಜಿ (ಮಿದುಳಿನ ಕಾಂತೀಯ ಅಲೆ ಅಳೆಯುವ ಪರೀಕ್ಷೆ) ಹಾನಿಗೊಂಡ ಜಾಗದಿಂದ ಬರುವ 1-4 ಹರ್ಟ್ಸ್‌ನ ನಿಧಾನ ಅಲೆಗಳನ್ನು ಹುಡುಕುತ್ತದೆ. ನಿಮ್ಹಾನ್ಸ್‌ನಲ್ಲಿ ಎಂಇಜಿ ಯಂತ್ರವಿದೆ, ಆದರೆ ಎಂಟಿಬಿಐ ರೋಗನಿರ್ಣಯಕ್ಕೆ ರೆಫರ್ ಮಾಡುವ ಸ್ಥಿತಿ ಇನ್ನೂ ಎಲ್ಲೂ ಬಂದಿಲ್ಲ.

ನೆನಪುಪಟ್ಟಿ

ಇಷ್ಟು ಹೊತ್ತು ಯಂತ್ರಗಳ ಮಾತಾಯಿತು, ಮೊದಲ ಪೋಸ್ಟ್‌ನ ಒಂದು ವಾಕ್ಯ ಎಲ್ಲರೂ ದಾಟಿ ಹೋದಿರಿ: "ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆಸುತ್ತು". ಇದು ಒಳಕಿವಿಯ ಹರಳು ಜಾಗ ತಪ್ಪಿದ ಲಕ್ಷಣ, ಬಿಪಿಪಿವಿ. ತಲೆಪೆಟ್ಟಿನ ನಂತರ ತುಂಬ ಸಾಮಾನ್ಯ. ಯಾವ ಎಂಆರ್‌ಐಯಲ್ಲೂ ಕಾಣುವುದಿಲ್ಲ. ಕೊರಳಿಗೆ ಗಾಯವಿಲ್ಲವೆಂದು ಖಚಿತ ಮಾಡಿಕೊಂಡು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿ: ಕೂತಲ್ಲಿ ತಲೆಯನ್ನು 45 ಡಿಗ್ರಿ ಒಂದು ಪಕ್ಕಕ್ಕೆ ತಿರುಗಿಸಿ, ಬೇಗ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ 20 ಡಿಗ್ರಿಯಷ್ಟು ಕೆಳಗಿರಲಿ. ಕೆಲವು ಸೆಕೆಂಡ್ ತಡೆದು ಕಣ್ಣುಗುಡ್ಡೆ ಮೇಲಕ್ಕೆ ಮತ್ತು ಕೆಳಗಿನ ಕಿವಿಯತ್ತ ತಿರುಗುತ್ತ ಬಡಿದುಕೊಂಡು, ಒಂದು ನಿಮಿಷದೊಳಗೆ ನಿಂತರೆ ಉತ್ತರ ಸಿಕ್ಕಿತು. ಹರಳನ್ನು ಮರಳಿ ಜಾಗಕ್ಕೆ ತರುವ ಎಪ್ಲಿ ಕ್ರಮ ಅಲ್ಲೇ ಮಾಡಬಹುದು, ಖರ್ಚಿಲ್ಲ. ಕಣ್ಣು ನೇರ ಕೆಳಕ್ಕೆ ಬಡಿದರೆ, ನಿಲ್ಲದೇ ಹೋದರೆ ಅದು ಬೇರೆ; ನ್ಯೂರಾಲಜಿಸ್ಟ್ ಹತ್ತಿರ ಕಳಿಸಿ.

ಗಮನ ನಿಲ್ಲದಿರುವುದಕ್ಕೆ ಅಳತೆ ಇದೆ. 2004ರ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿಗೆ ನಮ್ಮ ಜನರ ವಯಸ್ಸು, ಲಿಂಗ, ಓದಿಗೆ ತಕ್ಕ ಮಾನದಂಡ ಇದೆ. ಡಿಜಿಟ್ ಸಿಂಬಲ್, ಕಲರ್ ಟ್ರೇಲ್ಸ್, ಪದಪಟ್ಟಿ ಕಲಿಕೆ ಮಾಡಿಸಿ. ನಾಲ್ಕನೇ ಕ್ಲಾಸ್ ಓದಿದವರನ್ನು ಅಮೆರಿಕದ ಪದವೀಧರರ ಕೋಷ್ಟಕಕ್ಕೆ ಹೋಲಿಸಿ ಮಿದುಳು ಹಾನಿ ಎಂದು ಬರೆಯುವ ಅನ್ಯಾಯ ಆಗಬಾರದು. ನಿದ್ದೆ, ನೋವಿನ ಮಾತ್ರೆಯ ಲೆಕ್ಕವನ್ನೂ ಕೇಳಿ: ದಿನಾ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವನ್ನು ಜೀವಂತ ಇಟ್ಟಿರಬಹುದು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಬಿಡಬೇಕು. ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ ಸಾಕು, ಆಮೇಲೆ ಲಕ್ಷಣ ಹೆಚ್ಚಾಗದಷ್ಟು ನಡಿಗೆ, ಹಂತ ಹಂತವಾಗಿ ಕೆಲಸ.

ತುಂಗಾತೀರ

ಮೇಡಂ, ಈ ಒಂದು ಮಾತಿಗೇ ಪ್ರಶ್ನೆ ಹಾಕಿದ್ದು ಸಾರ್ಥಕ. ಕೊನೆಯದಾಗಿ, ಎಂಆರ್‌ಐ ಚೀಟಿಯಲ್ಲಿ ಏನು ಬರೆಯಲಿ?

ಬೂದುಛಾಯೆ

"ತಲೆಪೆಟ್ಟು, ರೀಸೆಂಟ್" ಎಂದಷ್ಟೇ ಬರೆದು ಕಳಿಸಬೇಡಿ. ಪೆಟ್ಟಾದ ದಿನಾಂಕ, ಎಚ್ಚರ ತಪ್ಪಿದ ಹೊತ್ತು, ಮರೆವಿನ ಅವಧಿ, ಮೊದಲ ಜಿಸಿಎಸ್, ಹಿಂದಿನ ತಲೆಪೆಟ್ಟು, ಬಿಪಿ, ಫಿಟ್ಸ್, ಮೂಳೆಮುರಿತ ಇದ್ದವೇ ಎಂದು ಬರೆಯಿರಿ. ಕೋರಿಕೆ ಹೀಗಿರಲಿ: "ಕಾಂಟ್ರಾಸ್ಟ್ ಇಲ್ಲದ ಬ್ರೈನ್ ಎಂಆರ್‌ಐ; ಡಿಫ್ಯೂಷನ್, ಫೇಸ್ ಚಿತ್ರ ಸಹಿತ ಎಸ್‌ಡಬ್ಲ್ಯುಐ, 3ಡಿ ಫ್ಲೇರ್, 3ಡಿ ಟಿ1. ಮೈಕ್ರೋಬ್ಲೀಡ್ ಸಂಖ್ಯೆ ಮತ್ತು ಜಾಗ, ಫ್ರಾಂಟಲ್-ಟೆಂಪೊರಲ್ ತಳ, ತೆಳು ಸಬ್‌ಡ್ಯೂರಲ್ ಬಗ್ಗೆ ತಿಳಿಸಿ. ಹಳೆಯ ಸಿಟಿ ಜೊತೆಗಿದೆ." ಹಳೆಯ ಸಿಟಿ ಕಳಿಸದಿದ್ದರೆ ಸುಣ್ಣದ ಪ್ರಶ್ನೆ ಮತ್ತೆ ಅಲ್ಲೇ ನಿಲ್ಲುತ್ತದೆ.

ತುರ್ತುವಿಭಾಗ

ಎಂಆರ್‌ಐ ಸರದಿಗೆ ಕಾಯುವಾಗ ತಲೆನೋವು ದಿನದಿಂದ ದಿನಕ್ಕೆ ಏರಿದರೆ, ವಾಂತಿ, ಮಂಪರು, ಒಂದು ಕೈಕಾಲು ಸೋತದ್ದು, ಫಿಟ್ಸ್ ಕಂಡರೆ ಕಾಯಬೇಡಿ, ಅವತ್ತೇ ಸಿಟಿ. ಹಿರಿಯರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ಇರುವವರಲ್ಲಿ ಮೂರು ವಾರದ ನಂತರವೂ ಕ್ರಾನಿಕ್ ಸಬ್‌ಡ್ಯೂರಲ್ ಬರುತ್ತದೆ. ಮೊದಲ ಸಿಟಿ ನಾರ್ಮಲ್ ಇತ್ತು ಎಂಬ ಧೈರ್ಯ ಅವರಿಗೆ ಸಲ್ಲದು.

ಕಾಯಿಲ್32

ಫಿಲ್ಮ್ ಮಾತ್ರ ತಂದರೆ ಸಾಲದು ಎಂದು ರೋಗಿಗೆ ಹೇಳಿ ಕಳಿಸಿ. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ಫೈಲ್) ಕೇಳಬೇಕು, ಕೌಂಟರಿನಲ್ಲೇ ತೆರೆದು ಫೇಸ್ ಸರಣಿ ಇದೆಯೇ ನೋಡಿಕೊಳ್ಳಬೇಕು. ಎಷ್ಟೋ ಕಡೆ ಹಳೆಯ ಡೇಟಾ ಸರ್ವರಿನಿಂದ ಅಳಿಸಿಹೋಗುತ್ತದೆ.